ಬಿಚ್ಚೋ ಮೊದಲು ಒಂದು ನಿಮಿಷ: ಸೀಲು, ಲೇಬಲ್, ಬಿಲ್ಲು

(ಉರುಕುಂದದಲ್ಲಿ ಗಡಿ ತಾಲ್ಲೂಕುಗಳ ಕನ್ನಡ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳು. ಬರಹದಲ್ಲಿ ಕೊಡಿ ಅಂತ ಹಲವರು ಕೇಳಿದ್ರು, ಅದಕ್ಕೆ ಇಲ್ಲಿ ಹಾಕ್ತಾ ಇದ್ದೀವಿ.)

ಕೌತಾಳ, ಕೋಸಿಗಿ, ಹೊಳಗುಂದ, ಆಲೂರು, ಆದೋನಿ ಕಡೆಯಿಂದ ಬಂದ ತಮ್ಮಂದಿರಿಗೆ, ತಂಗಿಯರಿಗೆ, ಸಿರುಗುಪ್ಪ, ರಾಯಚೂರು ಕಡೆಯಿಂದ ಬಂದವರಿಗೂ ಶರಣು. ನಾವು ಸೇರಿದಾಗೆಲ್ಲ ಶಾಲೆ, ಪಠ್ಯಪುಸ್ತಕ, ನೇಮಕಾತಿ, ಇವುಗಳ ಬಗ್ಗೆನೇ ಮಾತಾಡ್ತೀವಿ. ಇವತ್ತು ಬೇರೆ ಒಂದು ವಿಷಯ. ನೀವು ದಿನಾ ಕೈಯಲ್ಲಿ ಹಿಡಿಯೋದು, ಹರಿದು ಬಿಸಾಕೋದು. ಪ್ಯಾಕೆಟ್ಟು. ಎಣ್ಣೆ ಪ್ಯಾಕೆಟ್ಟು, ನೀರಿನ ಬಾಟ್ಲಿ, ಮಾತ್ರೆ ಪಟ್ಟಿ, ಹತ್ತಿ ಬೀಜದ ಪ್ಯಾಕೆಟ್ಟು, ಹೊಲಕ್ಕೆ ಹೊಡೆಯೋ ಎಣ್ಣೆ ಡಬ್ಬಿ.

ಇದನ್ನ ಇಲ್ಲೇ ಯಾಕೆ ಮಾತಾಡ್ಬೇಕು? ಶ್ರಾವಣ ಬಂತು ಅಂದ್ರೆ ಈರಣ್ಣಸ್ವಾಮಿ ದರ್ಶನಕ್ಕೆ ಆಂಧ್ರ, ಕರ್ನಾಟಕ, ತೆಲಂಗಾಣ ಮೂರೂ ಕಡೆಯಿಂದ ಜನ ಬರ್ತಾರೆ. ಆ ಜನಕ್ಕೆ ಅಂತ ತಾತ್ಕಾಲಿಕ ಅಂಗಡಿ ಏಳ್ತವೆ. ನೀರು, ತಿಂಡಿ, ಎಣ್ಣೆ, ಪೂಜೆ ಸಾಮಾನು ಎಲ್ಲಾ ಪ್ಯಾಕೆಟ್‌ನಲ್ಲೇ. ಜಾತ್ರೆ ಮುಗಿದ ಮೇಲೆ ಆ ಅಂಗಡಿ ಅಲ್ಲಿ ಇರಲ್ಲ. ಅದಕ್ಕೂ ಮೊದಲು, ಮುಂಗಾರು ಶುರುವಿನಲ್ಲಿ, ನಮ್ಮ ಅಪ್ಪ, ದೊಡ್ಡಪ್ಪ, ಮಾವಂದಿರು ಆದೋನಿಗೋ ಎಮ್ಮಿಗನೂರಿಗೋ ಸಿರುಗುಪ್ಪಕ್ಕೋ ಹೋಗಿ ಬೀಜ ತರ್ತಾರೆ. ಅದು ಸಣ್ಣ ಪ್ಯಾಕೆಟ್ಟು, ಒಂದು ಕೈಯಲ್ಲಿ ಹಿಡಿಬಹುದು. ಆದ್ರೆ ಮನೆಯ ಒಂದು ವರ್ಷ ಆ ಪ್ಯಾಕೆಟ್‌ನೊಳಗೆ ಇರ್ತದೆ.

ಒಂದು ಲೆಕ್ಕ ಹಾಕೋಣ. ಐದು ಎಕರೆ ಹತ್ತಿಗೆ ಹತ್ತು ಪ್ಯಾಕೆಟ್ ಬೀಜ ತಂದ್ರು ಅಂತ ಇಟ್ಕೊಳ್ಳಿ. ಬೀಜದ ದುಡ್ಡು ಎಂಟೊಂಬತ್ತು ಸಾವಿರ. ಬೀಜ ಹುಟ್ಟಲಿಲ್ಲ ಅಂದ್ರೆ ಹೋಗೋದು ಅಷ್ಟೇನಾ? ಉಳುಮೆ ಹೋಯ್ತು, ಗೊಬ್ಬರ ಹೋಯ್ತು, ಕೂಲಿ ಹೋಯ್ತು, ಬಿತ್ತೋ ಹದ ಹೋಯ್ತು. ಎರಡನೇ ಸಲ ಬಿತ್ತೋಕೆ ಬಡ್ಡಿ ಸಾಲ. ಆಮೇಲೆ ಏನಾಗ್ತದೆ ನಿಮಗೇ ಗೊತ್ತು. ಮನೆಗೆ ಬೀಗ ಹಾಕಿ, ಮಕ್ಕಳನ್ನ ಶಾಲೆ ಬಿಡಿಸಿ, ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸೋಕೆ, ಬೆಂಗಳೂರು ಕಡೆ ಕಟ್ಟಡ ಕೆಲಸಕ್ಕೆ ಗುಳೆ. ಕನ್ನಡ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಕಮ್ಮಿ ಆಯ್ತು ಅಂತ ನಾವು ಕೊರಗ್ತೀವಿ. ಬೆಳೆ ಕೈಕೊಟ್ಟ ವರ್ಷ ಆ ಮಕ್ಕಳು ಎಲ್ಲಿ ಹೋದ್ರು ಅಂತಾನೂ ನೋಡ್ಬೇಕಲ್ಲ.

ಇನ್ನೊಂದು ಕಾರಣ ಐತಿ. ಪ್ಯಾಕೆಟ್ ಮೇಲೆ ಬರೆದಿದ್ದನ್ನ ನಮ್ಮ ಹಿರಿಯರಿಗೆ ಓದೋಕೆ ಬರಲ್ಲ. ಕೆಲವರಿಗೆ ಕನ್ನಡ ಓದೋಕೆ ಬರ್ತದೆ, ಆದ್ರೆ ಅಲ್ಲಿ ಕನ್ನಡ ಇರಲ್ಲ. ನಿಮಗೆ ಕನ್ನಡ, ತೆಲುಗು, ಇಂಗ್ಲಿಷ್ ಮೂರೂ ಅಕ್ಷರ ಬರ್ತವೆ. ಈ ಕೆಲಸ ನಿಮ್ಮಿಂದ ಮಾತ್ರ ಆಗೋದು. ಅದಕ್ಕೇ ನಿಮ್ಮನ್ನೇ ಕೂರಿಸಿ ಹೇಳ್ತಾ ಇದ್ದೀವಿ.

ಮೊದಲು, ಈ ಸೀಲು ಅನ್ನೋದು ಯಾಕೆ ಬಂತು ಅಂತ ತಿಳ್ಕೊಳ್ಳಿ. 1982ರಲ್ಲಿ ಅಮೆರಿಕದ ಶಿಕಾಗೋ ಸುತ್ತಮುತ್ತ ಏಳು ಜನ ಸತ್ತರು. ತಿಂದಿದ್ದು ತಲೆನೋವಿನ ಟೈಲೆನಾಲ್ ಕ್ಯಾಪ್ಸೂಲು. ಅಂಗಡಿಗೆ ಬಂದ ಬಾಟ್ಲಿಗಳನ್ನ ಯಾರೋ ಬಿಚ್ಚಿ, ಕ್ಯಾಪ್ಸೂಲ್ ಒಳಗೆ ಸಯನೈಡ್ ತುಂಬಿ, ಮತ್ತೆ ಮುಚ್ಚಿ ಇಟ್ಟಿದ್ರು. ಆಗ ಮುಚ್ಚಳ ತೆಗೆದ್ರೆ ಗೊತ್ತಾಗೋ ವ್ಯವಸ್ಥೆನೇ ಇರಲಿಲ್ಲ. ಅದಾದ ಮೇಲೆ, ಒಮ್ಮೆ ತೆಗೆದ್ರೆ ತೆಗೆದಿದ್ದು ಕಾಣಿಸಲೇಬೇಕು ಅನ್ನೋ ಸೀಲು ಕಡ್ಡಾಯ ಆಯ್ತು, ಪ್ರಪಂಚಕ್ಕೆಲ್ಲ ಹಬ್ಬಿತು.

ನಮ್ಮ ದೇಶದ್ದೇ ಹೇಳ್ಬೇಕು ಅಂದ್ರೆ 1998, ದೆಹಲಿ. ಸಾಸಿವೆ ಎಣ್ಣೆಗೆ ದತ್ತೂರಿ ಗಿಡದ ಬೀಜದ ಎಣ್ಣೆ ಸೇರಿತ್ತು. ಹಳದಿ ಹೂವಿನ ಮುಳ್ಳು ಗಿಡ, ಅರ್ಜಿಮೋನ್ ಅಂತಾರೆ, ನಮ್ಮ ಹೊಲದ ಬದುವಿನಲ್ಲೂ ಕಾಣ್ತದೆ. ಆ ಎಣ್ಣೆ ತಿಂದವರ ಕಾಲು ಊದಿಕೊಂಡ್ವು, ಹತ್ತಾರು ಜನ ಸತ್ತರು. ಅದೇ ವರ್ಷ ಕೇಂದ್ರ ಸರ್ಕಾರ ಅಡುಗೆ ಎಣ್ಣೆಯನ್ನ ಪ್ಯಾಕ್ ಮಾಡಿಯೇ ಮಾರ್ಬೇಕು ಅಂತ ಆದೇಶ ತಂತು. ಇವತ್ತು ಎಣ್ಣೆ ಪ್ಯಾಕೆಟ್ ಹಿಡಿದಾಗ ಕಾಣೋ ಆ ಅಂಟಿಸಿದ ಅಂಚಿನ ಹಿಂದೆ ಇಷ್ಟು ಸಾವು ಅವೆ.

ಆದ್ರೆ ಒಂದು ಮಾತು ಸರಿಯಾಗಿ ಮನಸ್ಸಿನಲ್ಲಿ ಇಟ್ಕೊಳ್ಳಿ. ಸೀಲು ಹೇಳೋದು ಒಂದೇ: ಪ್ಯಾಕ್ ಆದ ಮೇಲೆ ಇದನ್ನ ಯಾರೂ ಬಿಚ್ಚಿಲ್ಲ. ಒಳಗಿನ ಮಾಲು ಒಳ್ಳೇದು ಅಂತ ಅದು ಹೇಳಲ್ಲ. ನಕಲಿ ಮಾಡೋನ ಹತ್ರನೂ ಸೀಲು ಹಾಕೋ ಮಷೀನ್ ಇರ್ತದೆ. ಅದಕ್ಕೇ ಮೂರನ್ನ ಒಟ್ಟಿಗೆ ನೋಡ್ಬೇಕು. ಸೀಲು ನೋಡಿದ್ರೆ ಮಧ್ಯದಲ್ಲಿ ಯಾರಾದ್ರೂ ಕೈ ಹಾಕಿದ್ದಾರಾ ಗೊತ್ತಾಗ್ತದೆ. ಲೇಬಲ್ ನೋಡಿದ್ರೆ ಇದನ್ನ ಮಾಡಿದವರು ಯಾರು, ಯಾವಾಗ ಮಾಡಿದ್ರು ಗೊತ್ತಾಗ್ತದೆ. ಬಿಲ್ಲು ಇದ್ರೆ ನಾಳೆ ಯಾರನ್ನ ಕೇಳ್ಬೇಕು ಗೊತ್ತಾಗ್ತದೆ. ಮೂರರಲ್ಲಿ ಒಂದು ತಪ್ಪಿದ್ರೂ ಉಳಿದೆರಡಕ್ಕೆ ಬಲ ಇರಲ್ಲ.

ಈಗ ಕೈಯಲ್ಲಿ ಹಿಡಿದು ನೋಡೋದು ಹೆಂಗೆ ಅಂತ ಹೇಳ್ತೀವಿ.

ಪ್ಲಾಸ್ಟಿಕ್ ಪ್ಯಾಕೆಟ್ ಇದ್ರೆ ಮೊದಲು ಅಂಚು ನೋಡ್ರಿ. ಮಷೀನಿನ ಬಿಸಿಗೆ ಒತ್ತಿ ಅಂಟಿಸಿದ ಅಂಚು ಈ ತುದಿಯಿಂದ ಆ ತುದಿವರೆಗೆ ಒಂದೇ ಅಗಲ ಇರ್ತದೆ, ಗೆರೆಗಳು ಒಂದೇ ಸಮ ಇರ್ತವೆ. ಬಿಚ್ಚಿ ಮತ್ತೆ ಅಂಟಿಸಿದ್ರೆ ಹಳೇ ಗೆರೆ ಮೇಲೆ ಹೊಸ ಗೆರೆ ಬೀಳ್ತದೆ, ಅಲ್ಲಲ್ಲಿ ಸುಟ್ಟ ಕಲೆ, ಸುಕ್ಕು ಕಾಣ್ತದೆ. ಇನ್ನೊಂದು ಸುಲಭ ಉಪಾಯ. ಅದೇ ಕಂಪನಿಯ ಅದೇ ಅಳತೆಯ ಇನ್ನೊಂದು ಪ್ಯಾಕೆಟ್ ಪಕ್ಕದಲ್ಲಿ ಇಟ್ಟು ನೋಡ್ರಿ. ಕತ್ತರಿಸಿ ಮತ್ತೆ ಅಂಟಿಸಿದ್ದು ಒಂದು ಬೆರಳಷ್ಟು ಗಿಡ್ಡ ಇರ್ತದೆ.

ಆಮೇಲೆ ಎರಡು ಅಂಗೈ ಮಧ್ಯೆ ಇಟ್ಟು ಮೆಲ್ಲಗೆ ಒತ್ತಿ, ಹತ್ತು ಎಣಿಸೋವರೆಗೆ ಹಿಡೀರಿ. ಗಾಳಿ ಇಳಿದು ಪ್ಯಾಕೆಟ್ ಸೊರಗಿದ್ರೆ ಎಲ್ಲೋ ತೂತು ಐತಿ. ಮನೇಲಿ ಅನುಮಾನ ಬಂದ್ರೆ ಬಕೆಟ್ ನೀರಿನಲ್ಲಿ ಮುಳುಗಿಸಿ ಒತ್ತಿ, ಗುಳ್ಳೆ ಎದ್ದ ಕಡೆ ತೂತು. ಸೈಕಲ್ ಟ್ಯೂಬಿನ ಪಂಕ್ಚರ್ ನೋಡ್ತಾರಲ್ಲ, ಹಂಗೇ. ಫ್ಯಾಕ್ಟರಿಗಳಲ್ಲೂ ಇದೇ ಪರೀಕ್ಷೆ ಮಾಡ್ತಾರೆ. ನೀರಿನ ಪೆಟ್ಟಿಗೆಯೊಳಗೆ ಪ್ಯಾಕೆಟ್ ಇಟ್ಟು, ಮೇಲಿನ ಗಾಳಿ ಎಳೆದು, ಗುಳ್ಳೆ ಬರ್ತದಾ ನೋಡ್ತಾರೆ.

ಚಿಪ್ಸ್ ಪ್ಯಾಕೆಟ್ ಉಬ್ಬಿರೋದು ಸರಿ, ಅದರಲ್ಲಿ ಬೇಕಂತಲೇ ನೈಟ್ರೋಜನ್ ತುಂಬಿರ್ತಾರೆ. ಹಾಲಿನ ಪ್ಯಾಕೆಟ್ಟು, ಹಣ್ಣಿನ ರಸದ ಡಬ್ಬಿ ಉಬ್ಬಿದ್ರೆ ಮಾತ್ರ ಮುಟ್ಟಬೇಡ್ರಿ. ಒಳಗೆ ಸೂಕ್ಷ್ಮಜೀವಿ ಬೆಳೆದು ಗ್ಯಾಸ್ ಆಗಿದೆ ಅಂತ ಅರ್ಥ. ತಗಡಿನ ಡಬ್ಬಿಯ ಮೇಲಿನ, ಕೆಳಗಿನ ಮುಖ ಚಪ್ಪಟೆ ಇರ್ಬೇಕು. ಉಬ್ಬಿದ್ರೆ, ಜೋಡಿಸಿದ ಅಂಚಿನಲ್ಲಿ ನೆಗ್ಗಿದ್ರೆ, ತುಕ್ಕು ಹಿಡಿದು ಸೋರಿದ್ರೆ ಬೇಡ. ರುಚಿ ನೋಡಿ ತೀರ್ಮಾನ ಮಾಡೋಣ ಅಂತ ಹೋಗಬೇಡ್ರಿ. ಅಂಥ ಡಬ್ಬಿಯಲ್ಲಿ ಹುಟ್ಟೋ ಬಾಟುಲಿನಂ ಅನ್ನೋ ವಿಷಕ್ಕೆ ಒಂದು ತುತ್ತೂ ಸಾಕು.

ಬಾಟ್ಲಿ ಇದ್ರೆ ಮುಚ್ಚಳದ ಕೆಳಗಿನ ಬಳೆ ನೋಡ್ರಿ. ಮುಚ್ಚಳಕ್ಕೂ ಬಳೆಗೂ ನಡುವೆ ಸಣ್ಣ ಸಣ್ಣ ಕೊಂಡಿ ಇರ್ತವೆ. ಮೊದಲ ಸಲ ತಿರುಗಿಸಿದಾಗ ಅವು ಚಟಚಟ ಅಂತ ಕಿತ್ತು ಬರಬೇಕು. ಸದ್ದೇ ಬರದೆ ಮುಚ್ಚಳ ತಿರುಗಿದ್ರೆ ಅದು ತುಂಬಿಸಿದ ಬಾಟ್ಲಿ. ಕೊಳ್ಳೋ ಮೊದಲು ತಲೆಕೆಳಗೆ ಹಿಡಿದು ಸ್ವಲ್ಪ ಹಿಂಡಿದ್ರೆ ಸೋರೋದೂ ಗೊತ್ತಾಗ್ತದೆ.

ಮಾತ್ರೆ ಪಟ್ಟಿಯಲ್ಲಿ ಪ್ರತಿ ಮಾತ್ರೆಯ ಗುಳಿ ಗಟ್ಟಿಯಾಗಿ ಮುಚ್ಚಿರ್ಬೇಕು. ಹಿಂದಿನ ಹಾಳೆ ಎದ್ದಿದ್ರೆ ಒಳಗೆ ತೇವ ಹೋಗಿರ್ತದೆ. ಹೆಚ್ಚು ಮಾರಾಟ ಆಗೋ 300 ಔಷಧಿ ಬ್ರಾಂಡುಗಳ ಮೇಲೆ 2023ರ ಆಗಸ್ಟ್ 1ರ ನಂತರ ತಯಾರಾದದ್ದಕ್ಕೆ ಕ್ಯೂಆರ್ ಕೋಡ್ ಕಡ್ಡಾಯ. ಫೋನಿನಲ್ಲಿ ಸ್ಕ್ಯಾನ್ ಮಾಡಿದ್ರೆ ಬ್ಯಾಚ್ ನಂಬರು, ದಿನಾಂಕ ಬರ್ಬೇಕು, ಪಟ್ಟಿ ಮೇಲಿನದಕ್ಕೆ ಹೊಂದಬೇಕು.

ಗೊಬ್ಬರದ ಚೀಲಕ್ಕೆ ಮಷೀನ್ ಹೊಲಿಗೆ ಇರ್ತದೆ. ಹೊಲಿಗೆ ಪಕ್ಕ ಹಳೇ ಸೂಜಿ ತೂತುಗಳು ಕಂಡ್ರೆ ಚೀಲ ಒಮ್ಮೆ ಬಿಚ್ಚಿ ಮತ್ತೆ ಹೊಲಿದಿದ್ದು. ಯೂರಿಯಾ ಚೀಲ ಈಗ 45 ಕೆಜಿ. ಅನುಮಾನ ಬಂದ್ರೆ ಅಲ್ಲೇ ತೂಕಕ್ಕೆ ಇಡಿಸ್ರಿ. ನಾಚಿಕೆ ಯಾಕೆ, ದುಡ್ಡು ಕೊಡೋರು ನಾವು.

ಸೀಲು ಆಯ್ತು. ಈಗ ಲೇಬಲ್.

2011ರ ತೂಕ ಅಳತೆ ನಿಯಮದ ಪ್ರಕಾರ ಪ್ಯಾಕೆಟ್ ಮೇಲೆ ತಯಾರಿಸಿದವರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು, ವರ್ಷ, ಎಲ್ಲಾ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರು ಕೊಡೋ ಫೋನ್ ನಂಬರು ಇರ್ಲೇಬೇಕು. ಬೆಲೆ ಮೇಲೆ ಸ್ಟಿಕರ್ ಅಂಟಿಸಿ ಜಾಸ್ತಿ ಮಾಡಂಗಿಲ್ಲ. ಬೆಲೆ ಇಳಿಸೋಕೆ ಅಂಟಿಸಿದ್ರೂ ಹಳೇ ಬೆಲೆ ಮುಚ್ಚಂಗಿಲ್ಲ. ಜಾತ್ರೆಯಲ್ಲಿ 20 ರೂಪಾಯಿ ಬಾಟ್ಲಿಗೆ 30 ಕೇಳಿದ್ರೆ ಬಾಟ್ಲಿ ಮೇಲೆ ಅಚ್ಚಾಗಿರೋ ಬೆಲೆ ತೋರಿಸಿ.

ತಿನ್ನೋ ಪದಾರ್ಥ, ಕುಡಿಯೋ ನೀರು ಆದ್ರೆ 14 ಅಂಕಿಯ ಆಹಾರ ಸುರಕ್ಷತಾ ಲೈಸೆನ್ಸ್ ನಂಬರು ಹುಡುಕಿ. ಅಂಕಿ ಎಣಿಸಿ. ಹದಿಮೂರು ಇದ್ರೂ ಹದಿನೈದು ಇದ್ರೂ ಸುಳ್ಳು. ಫುಡ್ ಸೇಫ್ಟಿ ಕನೆಕ್ಟ್ ಆಪ್‌ನಲ್ಲಿ ಆ ನಂಬರು ಹಾಕಿದ್ರೆ ಅದು ಯಾರ ಹೆಸರಿನಲ್ಲಿ ಐತಿ ಅಂತ ಬರ್ತದೆ. ನೀರಿನ ಬಾಟ್ಲಿಗೆ ಐಎಸ್‌ಐ ಗುರುತು ಬಹಳ ವರ್ಷ ಕಡ್ಡಾಯ ಇತ್ತು. 2024ರ ಅಕ್ಟೋಬರ್‌ನಲ್ಲಿ ಆ ಕಡ್ಡಾಯ ತೆಗೆದ್ರು, ನವೆಂಬರ್‌ನಲ್ಲಿ ನೀರಿನ ಬಾಟ್ಲಿಯನ್ನ ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿದ್ರು. ಹಂಗಾಗಿ ಈಗ ಲೈಸೆನ್ಸ್ ನಂಬರು ನೋಡೋದು ಮೊದಲಿಗಿಂತ ಮುಖ್ಯ. ದೊಡ್ಡ ಕಂಪನಿ ಹೆಸರಿನ ಒಂದು ಅಕ್ಷರ ಬದಲಾಯಿಸಿ, ಅದೇ ಬಣ್ಣದಲ್ಲಿ ಬರೋ ಬಾಟ್ಲಿಗಳನ್ನ ನೀವೆಲ್ಲ ನೋಡೇ ಇರ್ತೀರಿ. ದೂರದಿಂದ ಬಣ್ಣ ನೋಡಿ ತಗೋಬೇಡ್ರಿ, ಹೆಸರು ಅಕ್ಷರ ಅಕ್ಷರ ಓದ್ರಿ.

ಈಗ ನಮಗೆ ಎಲ್ಲಕ್ಕಿಂತ ದೊಡ್ಡ ವಿಷಯ, ಹತ್ತಿ ಬೀಜ.

ಬಿಜಿ-2 ಹತ್ತಿ ಬೀಜದ ಪ್ಯಾಕೆಟ್ 475 ಗ್ರಾಂ. ಇದರ ಗರಿಷ್ಠ ಬೆಲೆಯನ್ನ ಕೇಂದ್ರ ಸರ್ಕಾರ ವರ್ಷ ವರ್ಷ ನಿಗದಿ ಮಾಡ್ತದೆ. 2024ರಲ್ಲಿ 864 ರೂಪಾಯಿ, 2025ರಲ್ಲಿ 901 ರೂಪಾಯಿ ಇತ್ತು. ಯಾವ ಕಂಪನಿದಾದ್ರೂ ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ತಗೊಳಂಗಿಲ್ಲ. ಈ ತಳಿಗೆ ಬಹಳ ಬೇಡಿಕೆ ಐತಿ, ಸ್ಟಾಕ್ ಇಲ್ಲ, ಒಳಗಡೆಯಿಂದ ಕೊಡ್ತೀನಿ ಅಂತ ಇನ್ನೂರು ಮುನ್ನೂರು ಜಾಸ್ತಿ ಕೇಳಿದ್ರೆ ಅಲ್ಲೇ ಎರಡು ಅನುಮಾನ ಪಡಬೇಕು. ಒಂದು, ಇದು ಕಾಳಸಂತೆ. ಇನ್ನೊಂದು, ಇದು ಆ ಕಂಪನಿಯ ಬೀಜವೇ ಅಲ್ಲದೆ ಇರಬಹುದು. ಬೇಡಿಕೆ ಇರೋ ಹೆಸರನ್ನೇ ತಾನೇ ನಕಲಿ ಮಾಡೋದು.

ಬೀಜದ ಲೇಬಲ್‌ನಲ್ಲಿ ತಳಿ ಹೆಸರು, ಲಾಟ್ ನಂಬರು, ಮೊಳಕೆ ಪರೀಕ್ಷೆ ಮಾಡಿದ ದಿನಾಂಕ, ಎಷ್ಟು ದಿನದವರೆಗೆ ನಡೀತದೆ, ಮೊಳಕೆ ಪ್ರಮಾಣ, ಶುದ್ಧತೆ ಪ್ರಮಾಣ, ಕಂಪನಿ ವಿಳಾಸ ಇರ್ಬೇಕು. ಹೈಬ್ರಿಡ್ ಹತ್ತಿಗೆ ಮೊಳಕೆ ಕನಿಷ್ಠ ಶೇ. 75. ಅಂದ್ರೆ ನೂರು ಬೀಜಕ್ಕೆ 75 ಹುಟ್ಟಲೇಬೇಕು. ಲೇಬಲ್ ಬಣ್ಣಕ್ಕೂ ಅರ್ಥ ಐತಿ. ಸರ್ಕಾರಿ ಸಂಸ್ಥೆ ಪ್ರಮಾಣೀಕರಿಸಿದ ಬೀಜಕ್ಕೆ ನೀಲಿ. ಕಂಪನಿಯೇ ತನ್ನ ಜವಾಬ್ದಾರಿ ಮೇಲೆ ಕೊಡೋ ಬೀಜಕ್ಕೆ ತಿಳಿ ಹಸಿರು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸಾಥಿ ಅನ್ನೋ ಪೋರ್ಟಲ್ ತಂತು, ಅದಕ್ಕೆ ಸೇರಿದ ಬೀಜದ ಪ್ಯಾಕೆಟ್ ಮೇಲೆ ಕ್ಯೂಆರ್ ಕೋಡ್ ಇರ್ತದೆ. ಸ್ಕ್ಯಾನ್ ಮಾಡಿ ನೋಡ್ರಿ.

ಇನ್ನು ಬಿಡಿ ಬೀಜ. ಬಿಳಿ ಚೀಲದಲ್ಲಿ ತಂದು, ಇದು ಕಳೆ ಔಷಧ ಹೊಡೆದ್ರೂ ಸಾಯಲ್ಲ, ಕಳೆ ತೆಗೆಯೋ ಕೂಲಿ ಉಳೀತದೆ, ಬಿಜಿ-3 ಅಂತ ಮೆಲ್ಲಗೆ ಹೇಳಿ ಮಾರ್ತಾರೆ. ನೋಡ್ರಿ, ಈ ದೇಶದಲ್ಲಿ ಅನುಮತಿ ಸಿಕ್ಕಿರೋ ಬಿಟಿ ಹತ್ತಿ ಎರಡೇ ಪೀಳಿಗೆ: 2002ರಲ್ಲಿ ಮೊದಲನೇದು, 2006ರಲ್ಲಿ ಬಿಜಿ-2. ಕಳೆನಾಶಕ ತಡೆಯೋ ಹತ್ತಿಗೆ ಅನುಮತಿ ಇಲ್ಲ. ಅದಕ್ಕೆ ಲೇಬಲ್ ಇರಲ್ಲ, ಬಿಲ್ ಇರಲ್ಲ. ಬೆಳೆ ಕೆಟ್ರೆ ಕೇಳೋಕೆ ಬಾಗಿಲೇ ಇರಲ್ಲ. ತಂದವನು ಗಡಿಯ ಯಾವ ಕಡೆಯವನು ಅಂತಾನೂ ನಿಮಗೆ ಗೊತ್ತಿರಲ್ಲ.

ಬೀಜ ತಂದ ಮೇಲೆ ಮನೇಲಿ ಒಂದು ಪರೀಕ್ಷೆ ಮಾಡ್ರಿ. ಐವತ್ತು ಬೀಜ ಎಣಿಸಿ, ಒದ್ದೆ ಗೋಣಿ ತಾಟಿನಲ್ಲೋ ಹತ್ತಿ ಬಟ್ಟೆಯಲ್ಲೋ ಸಾಲಾಗಿ ಇಟ್ಟು ಸುತ್ತಿ, ನೆರಳಿನಲ್ಲಿ ಇಡ್ರಿ. ತೇವ ಆರಬಾರದು. ನಾಲ್ಕನೇ ದಿನದಿಂದ ಎಣಿಸ್ತಾ ಬನ್ನಿ, ವಾರದ ಮೇಲೆ ಲೆಕ್ಕ ಬರೆದಿಡಿ. ಐವತ್ತರಲ್ಲಿ ಮೂವತ್ತೆಂಟರ ಸುತ್ತ ಮೊಳಕೆ ಬಂದ್ರೆ ಲೇಬಲ್ ಮಾತು ಉಳಿಸ್ಕೊಂಡಿದೆ. ಇಪ್ಪತ್ತು ಬಂದ್ರೆ ಬಿತ್ತೋದು ನಿಲ್ಲಿಸಿ, ಅಂಗಡಿಗೂ ಕೃಷಿ ಇಲಾಖೆಗೂ ಹೋಗಿ. ಮಳೆ ಬರೋ ಒಂದು ವಾರ ಮೊದಲೇ ಬೀಜ ತಂದ್ರೆ ಮಾತ್ರ ಇದಕ್ಕೆ ಟೈಮ್ ಸಿಗ್ತದೆ. ಬಣ್ಣ ಬಳಿದ ಬೀಜಕ್ಕೆ ಔಷಧ ಹಚ್ಚಿರ್ತಾರೆ, ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೀರಿ.

ಪ್ಯಾಕೆಟ್ ಬಿಚ್ಚುವಾಗ ಲೇಬಲ್ ಇರೋ ಕಡೆ ಹರಿಬೇಡ್ರಿ. ಕೆಳಗಿನ ಅಂಚು ಕತ್ತರಿಯಲ್ಲಿ ಕತ್ತರಿಸಿ. ಖಾಲಿ ಪ್ಯಾಕೆಟ್ಟು, ಅದರೊಳಗೆ ಒಂದು ಹಿಡಿ ಬೀಜ, ಬಿಲ್ಲು, ಮೂರನ್ನೂ ಕಟ್ಟಿ ಬೆಳೆ ಮನೆಗೆ ಬರೋವರೆಗೆ ಇಟ್ಟಿರ್ರಿ. ಅವ್ವನ ಕೈಲಿ ಕೊಟ್ರೆ ಸಾಕು, ಅಕ್ಕಿ ಡಬ್ಬದ ಹಿಂದೆ ಅದು ಭದ್ರ.

ಮುಂದಿನದು ಹೊಲಕ್ಕೆ ಹೊಡೆಯೋ ಎಣ್ಣೆ. ಇದರಲ್ಲಿ ತಪ್ಪಾದ್ರೆ ಬೆಳೆ ಜೊತೆ ಜೀವನೂ ಹೋಗ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯೋವಾಗ ವಿಷ ಏರಿ 20ಕ್ಕೂ ಹೆಚ್ಚು ರೈತರು, ಕೂಲಿಯವರು ಸತ್ತರು. ಅದೂ ನಮ್ಮಂಥದೇ ಹತ್ತಿ ಸೀಮೆ.

ಡಬ್ಬಿ ಮೇಲೆ ಓರೆಯಾಗಿ ನಿಂತ ಚೌಕ ಇರ್ತದೆ. ಅದರ ಕೆಳಗಿನ ಅರ್ಧದ ಬಣ್ಣ ನೋಡ್ರಿ. ಕೆಂಪು ಅಂದ್ರೆ ಅತ್ಯಂತ ವಿಷ, ಜೊತೆಗೆ ತಲೆಬುರುಡೆ ಚಿತ್ರ. ಹಳದಿ ಅಂದ್ರೆ ಹೆಚ್ಚು ವಿಷ. ನೀಲಿ ಮಧ್ಯಮ. ಹಸಿರು ಕಡಿಮೆ ವಿಷ. ಹಸಿರು ಅಂದ್ರೆ ವಿಷ ಇಲ್ಲ ಅಂತಲ್ಲ. ಈ ಬಣ್ಣದ ಪಾಠ ಓದು ಬರದ ತಾತನಿಗೂ ಐದು ನಿಮಿಷದಲ್ಲಿ ಹೇಳಿಕೊಡಬಹುದು. ಮುಚ್ಚಳ ತೆಗೆದ್ರೆ ಒಳಗೆ ಇನ್ನೊಂದು ಹಾಳೆಯ ಸೀಲ್ ಸಾಮಾನ್ಯವಾಗಿ ಇರ್ತದೆ, ಅದು ಅಂಚಿಗೆ ಪೂರ್ತಿ ಅಂಟಿರ್ಬೇಕು. ರಟ್ಟಿನ ಪೆಟ್ಟಿಗೆ ಮೇಲಿನ ಬ್ಯಾಚ್ ನಂಬರು, ಬಾಟ್ಲಿ ಮೇಲಿನ ಬ್ಯಾಚ್ ನಂಬರು ಒಂದೇ ಇರ್ಬೇಕು. ಮೂಸಿ ನೋಡಿ ಅಸಲಿ ನಕಲಿ ಹೇಳ್ತೀನಿ ಅನ್ನೋ ಜಾಣತನ ಇದಕ್ಕೆ ಬೇಡ.

ಮುಗಿದ ಮೇಲೆ ಖಾಲಿ ಬಾಟ್ಲಿ ಏನು ಮಾಡ್ತೀರಿ? ಗುಜರಿಗೆ ಹಾಕ್ತೀರಿ. ಸೊಗಸಾದ ಲೇಬಲ್ ಇರೋ ಖಾಲಿ ಬಾಟ್ಲಿ ನಕಲಿ ಮಾಡೋನಿಗೆ ಬಂಗಾರ. ಮೂರು ಸಲ ತೊಳೆದು, ಆ ನೀರನ್ನ ಸ್ಪ್ರೇ ಟ್ಯಾಂಕಿಗೇ ಹಾಕಿ, ಬಾಟ್ಲಿ ತಳಕ್ಕೆ ತೂತು ಹೊಡೆದುಬಿಡ್ರಿ. ಕೆರೆ, ಬಾವಿ ಹತ್ರ ಬಿಸಾಕಬೇಡ್ರಿ. ಕುಡಿಯೋ ನೀರಿನ ಬಾಟ್ಲಿಗೆ ಹೊಲದ ಎಣ್ಣೆ ತುಂಬಿ ಮನೆಗೆ ತರೋ ಅಭ್ಯಾಸ ಇದ್ರೆ ಇವತ್ತೇ ಬಿಡಿಸ್ರಿ. ಮಕ್ಕಳಿಗೆ ಗೊತ್ತಾಗಲ್ಲ.

ಇಲ್ಲಿಗೆ ನಮ್ಮ ಭಾಷೆ ವಿಷಯ ಬರ್ತದೆ.

ಆಹಾರದ ಪ್ಯಾಕೆಟ್ ಮೇಲೆ ಕಾನೂನು ಕೇಳೋದು ಇಂಗ್ಲಿಷ್ ಇಲ್ಲಾ ದೇವನಾಗರಿಯ ಹಿಂದಿ. ಬೇರೆ ಭಾಷೆ ಕಂಪನಿ ಮನಸ್ಸು ಮಾಡಿದ್ರೆ ಹಾಕಬಹುದು, ಕಡ್ಡಾಯ ಇಲ್ಲ. ತೂಕ ಅಳತೆ ನಿಯಮವೂ ಹಂಗೇ. ಇದರಲ್ಲಿ ತೆಲುಗಿನ ಅಣ್ಣತಮ್ಮಂದಿರದೂ ನಮ್ಮದೂ ಒಂದೇ ಕಷ್ಟ. ಕೌತಾಳದಲ್ಲಿ ತೆಲುಗು ಮಾತ್ರ ಓದೋ ಅಜ್ಜಿಗೂ, ಕನ್ನಡ ಮಾತ್ರ ಓದೋ ಅಜ್ಜಿಗೂ ಆ ಪ್ಯಾಕೆಟ್ ಒಂದೇ ಥರ ಮೂಕ.

ಆದ್ರೆ ಕೀಟನಾಶಕದ್ದು ಬೇರೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಡಬ್ಬಿಯ ಲೇಬಲ್ಲು, ಜೊತೆಗೆ ಬರೋ ಮಾಹಿತಿ ಹಾಳೆ, ಇವು ಹಿಂದಿ, ಇಂಗ್ಲಿಷ್ ಜೊತೆಗೆ ಆ ಮಾಲು ಮಾರಾಟ ಆಗೋ ಪ್ರದೇಶದಲ್ಲಿ ಬಳಕೆಯಲ್ಲಿರೋ ಒಂದೋ ಎರಡೋ ಪ್ರಾದೇಶಿಕ ಭಾಷೆಯಲ್ಲಿ ಅಚ್ಚಾಗಿರ್ಬೇಕು. ಗಮನ ಇಟ್ಟು ಕೇಳ್ರಿ. ರಾಜ್ಯದ ಆಡಳಿತ ಭಾಷೆ ಅಂತ ಅಲ್ಲಿ ಬರೆದಿಲ್ಲ. ಪ್ರದೇಶದಲ್ಲಿ ಬಳಕೆಯಲ್ಲಿರೋ ಭಾಷೆ ಅಂತ ಬರೆದಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ್ವು. ಗಡಿ ಬದಲಾಯ್ತು, ಮನೆಯೊಳಗಿನ ಮಾತು ಬದಲಾಗಲಿಲ್ಲ. ಆದೋನಿ, ಹೊಳಗುಂದದ ಅಂಗಡಿಯಲ್ಲಿ ಮಾರೋ ವಿಷದ ಡಬ್ಬಿ ಮೇಲೆ ಮೊದಲು ತೆಲುಗು ಇರ್ಲಿ, ಅದು ಸರಿ. ಎರಡನೇ ಭಾಷೆಯಾಗಿ ಕನ್ನಡ ಕೇಳೋಕೆ ಈ ನಿಯಮ ನಮಗೆ ದಾರಿ ಕೊಟ್ಟಿದೆ. ವಿಷ ಏರಿದಾಗ ಏನು ಮಾಡ್ಬೇಕು ಅನ್ನೋದು ಆ ಹಾಳೆಯಲ್ಲೇ ಇರ್ತದೆ. ಅದನ್ನ ಓದೋಕೆ ಆಗೋದು ಜೀವದ ಪ್ರಶ್ನೆ. ಡಬ್ಬಿ ಜೊತೆ ಹಾಳೆ ಇಲ್ಲದಿದ್ರೆ ಕೇಳಿ ತಗೊಳ್ರಿ, ಆಸ್ಪತ್ರೆಗೆ ಹೋಗೋ ಪರಿಸ್ಥಿತಿ ಬಂದ್ರೆ ಡಬ್ಬಿ ಸಮೇತ ಒಯ್ಯಿರಿ. ಡಾಕ್ಟರಿಗೆ ಯಾವ ವಿಷ ಅಂತ ತಕ್ಷಣ ಗೊತ್ತಾಗ್ತದೆ.

ಕೊನೇದು ಬಿಲ್ಲು. ಚೀಟಿ ಮೇಲೆ ಒಟ್ಟು ದುಡ್ಡು ಗೀಚಿ ಕೊಟ್ರೆ ಅದು ಬಿಲ್ ಅಲ್ಲ. ಅಂಗಡಿ ಹೆಸರು, ಲೈಸೆನ್ಸ್ ನಂಬರು, ತಳಿ ಅಥವಾ ಔಷಧದ ಹೆಸರು, ಲಾಟ್ ಅಥವಾ ಬ್ಯಾಚ್ ನಂಬರು, ದಿನಾಂಕ, ಸಹಿ ಇರ್ಬೇಕು. ಸಾಲಕ್ಕೆ ತಂದ್ರೂ ಬಿಲ್ ಕೇಳ್ರಿ. ಇದು ಕಷ್ಟ ಅಂತ ನಮಗೂ ಗೊತ್ತು. ಸಾಲ ಕೊಡೋ ಸಾವ್ಕಾರನ ಮುಂದೆ ಅಪ್ಪ ಬಾಯಿ ಬಿಡಲ್ಲ. ಅದಕ್ಕೇ ನೀವು ಜೊತೆಗೆ ಹೋಗಿ. ಜಗಳ ಬೇಡ. ಅಣ್ಣಾ, ಲಾಟ್ ನಂಬರು ಬರೆದು ಬಿಲ್ ಕೊಡ್ರಿ, ಮನೇಲಿ ಲೆಕ್ಕ ಇಡಬೇಕು ಅಂತ ಕೇಳಿ. ಮರ್ಯಾದೆಯಿಂದ ಕೇಳಿದ್ರೆ ಒಳ್ಳೆ ಅಂಗಡಿಯವರು ಕೊಟ್ಟೇ ಕೊಡ್ತಾರೆ. ಎಷ್ಟೋ ಸಲ ಅವರಿಗೂ ಮೇಲಿನಿಂದ ನಕಲಿ ಮಾಲು ಬಂದಿರ್ತದೆ, ಅವರೂ ಮೋಸ ಹೋಗಿರ್ತಾರೆ. ಗೊತ್ತಿಲ್ಲದೆ ವಾಟ್ಸಾಪಿನಲ್ಲಿ ಅಂಗಡಿ ಹೆಸರು ಹಾಕಿ ಕಳ್ಳ ಅಂತ ಬರೆಯೋದು ಬೇಡ. ಫೋಟೋ ತೆಗೀರಿ, ದೂರು ಕೊಡ್ರಿ, ಪರೀಕ್ಷೆ ಆಗ್ಲಿ.

ದೂರು ಎಲ್ಲಿ? ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡಬಹುದು. ಬೀಜ, ಗೊಬ್ಬರ, ಔಷಧದ ಸಲಹೆಗೆ ಕಿಸಾನ್ ಕಾಲ್ ಸೆಂಟರ್ 1800-180-1551. ಊರಿನ ರೈತು ಸೇವಾ ಕೇಂದ್ರ, ಮಂಡಲದ ಕೃಷಿ ಅಧಿಕಾರಿಗೆ ಬರವಣಿಗೆಯಲ್ಲಿ ಕೊಡ್ರಿ. ಹೊಲ ನೋಡೋಕೆ ಬರೋಕೆ ಹೇಳಿ, ಅವರ ವರದಿಯ ಪ್ರತಿ ತಗೊಳ್ರಿ. ಸಂವಿಧಾನದ 350ನೇ ವಿಧಿ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದ್ರೂ ಅಧಿಕಾರಿಗೆ ಅಹವಾಲು ಕೊಡೋ ಹಕ್ಕು ಪ್ರತಿಯೊಬ್ಬರಿಗೂ ಐತಿ. ಕನ್ನಡದಲ್ಲಿ ಬರೆದು ಕೊಡಬಹುದು. ಕೆಲಸ ಬೇಗ ಆಗ್ಲಿ ಅಂದ್ರೆ ಜೊತೆಗೆ ತೆಲುಗಿನಲ್ಲೂ ಒಂದು ಪ್ರತಿ ಇಡ್ರಿ. ನಮಗೆ ಎರಡೂ ಬರ್ತದಲ್ಲ.

ಅಷ್ಟಕ್ಕೂ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ. ಎರಡು ವರ್ಷದೊಳಗೆ ಹೋಗ್ಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ರೆ ಫೀಸ್ ಇಲ್ಲ. ವಕೀಲರು ಇರ್ಲೇಬೇಕು ಅಂತಿಲ್ಲ. ಗಡಿಯವರಿಗೆ ಬಹಳ ಉಪಯೋಗದ ಮಾತು ಇನ್ನೊಂದು ಐತಿ. 2019ರ ಕಾಯ್ದೆ ಪ್ರಕಾರ ದೂರು ಕೊಡೋನು ತಾನು ವಾಸ ಇರೋ ಜಿಲ್ಲೆಯಲ್ಲೇ ಕೊಡಬಹುದು. ಬೀಜ ಸಿರುಗುಪ್ಪದಲ್ಲೋ ರಾಯಚೂರಿನಲ್ಲೋ ತಂದಿದ್ರೂ ಕೇಸನ್ನ ಕರ್ನೂಲಿನಲ್ಲಿ ಹಾಕಬಹುದು. ಅದು ಆ ರಾಜ್ಯ, ಇದು ಈ ರಾಜ್ಯ ಅಂತ ಯಾರಾದ್ರೂ ಓಡಿಸಿದ್ರೆ ಈ ಮಾತು ಹೇಳ್ರಿ.

ರೈತ ಗ್ರಾಹಕನಾ ಅಂತ ಕೆಲವರು ಕೇಳ್ತಾರೆ. ಅದಕ್ಕೆ ಸುಪ್ರೀಂ ಕೋರ್ಟ್ 2012ರಲ್ಲೇ ಉತ್ತರ ಕೊಟ್ಟಿದೆ. ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಬೀಜದಿಂದ ಬೆಳೆ ಕೆಟ್ಟಿತು ಅಂತ ಹೋಗಿದ್ದವರು ಅವಿಭಜಿತ ಆಂಧ್ರದ ರೈತರೇ. ಬೀಜ ಕೊಂಡ ರೈತ ಗ್ರಾಹಕನೇ, ಗ್ರಾಹಕ ವೇದಿಕೆಗೆ ಬರಬಹುದು ಅಂತ ಕೋರ್ಟ್ ಹೇಳ್ತು. ಲ್ಯಾಬ್ ಪರೀಕ್ಷೆಗೆ ಬೀಜದ ಸ್ಯಾಂಪಲ್ ಇಟ್ಟಿಲ್ಲ ಅನ್ನೋ ನೆಪವನ್ನೂ ಒಪ್ಪಲಿಲ್ಲ. ರೈತ ತಂದ ಬೀಜವನ್ನೆಲ್ಲ ಬಿತ್ತುತ್ತಾನೆ, ಪರೀಕ್ಷೆಗೆ ಅಂತ ಎತ್ತಿಡಲಿ ಅಂತ ನಿರೀಕ್ಷೆ ಮಾಡೋದು ಸರಿಯಲ್ಲ ಅನ್ನೋದು ಅದರ ಸಾರ. ಆದ್ರೂ ನಾವು ಹೇಳೋದು, ಒಂದು ಹಿಡಿ ಎತ್ತಿಡಿ. ಕೈಯಲ್ಲಿ ಸಾಕ್ಷಿ ಇದ್ರೆ ಮಾತಿಗೆ ತೂಕ ಜಾಸ್ತಿ.

ಕೊನೆಗೆ ನಿಮ್ಮಿಂದ ಮೂರು ಕೆಲಸ ಕೇಳ್ತೀವಿ. ಈ ವಾರ ನಿಮ್ಮ ಮನೆಯಲ್ಲಿರೋ ಪ್ಯಾಕೆಟ್, ಡಬ್ಬಿ ಎಲ್ಲಾ ಹೊರಗೆ ತೆಗೆದು ದಿನಾಂಕ, ಸೀಲು, ನಂಬರು ನೋಡ್ರಿ, ಅವ್ವನಿಗೂ ತೋರಿಸಿ. ಮುಂದಿನ ಬಿತ್ತನೆಗೆ ಬೀಜ ತರೋಕೆ ಹೋಗೋವಾಗ ಮನೆಗೊಬ್ಬರು ಓದಿದವರು ಜೊತೆಗೆ ಹೋಗಿ, ಓದು ಬರದ ಪಕ್ಕದ ಮನೆ ಕಾಕಾನ ಪ್ಯಾಕೆಟ್ಟನ್ನೂ ನೀವೇ ಓದಿ ಹೇಳಿ. ಅವರು ತೆಲುಗಿನವರಾದ್ರೂ ಅಷ್ಟೇ, ಉರ್ದು ಮಾತಾಡೋರಾದ್ರೂ ಅಷ್ಟೇ. ಆಮೇಲೆ, ನಿಮ್ಮೂರ ಅಂಗಡಿಯಲ್ಲಿ ಮಾರೋ ಕೀಟನಾಶಕದ ಲೇಬಲ್ ಮೇಲೆ, ಹಾಳೆ ಮೇಲೆ ಯಾವ ಯಾವ ಭಾಷೆ ಅವೆ ಅಂತ ಫೋಟೋ ತೆಗೆದು ನಮಗೆ ಕಳಿಸಿ. ಕಂಪನಿ ಹೆಸರು, ಊರು, ದಿನಾಂಕ ಬರೀರಿ. ಅವನ್ನೆಲ್ಲ ಸೇರಿಸಿ ಒಂದು ಅಹವಾಲು ಮಾಡಿ ಕೃಷಿ ಇಲಾಖೆಗೆ ಕೊಡೋಣ. ಬಾಯಿಮಾತಿಗೆ ಬೆಲೆ ಇರಲ್ಲ, ನೂರು ಫೋಟೋ ಮುಂದಿಟ್ರೆ ಉತ್ತರ ಕೊಡಲೇಬೇಕಾಗ್ತದೆ.

ಅಕ್ಷರ ಕಲಿಸ್ರಿ, ಕನ್ನಡ ಶಾಲೆ ಉಳಿಸ್ರಿ ಅಂತ ನಾವು ಹೇಳ್ತಾನೇ ಇರ್ತೀವಿ. ಕಲಿತ ಅಕ್ಷರ ಮನೆಯವರ ಹೊಲಕ್ಕೆ, ಹೊಟ್ಟೆಗೆ ಉಪಯೋಗಕ್ಕೆ ಬಂದಾಗ ಹಿರಿಯರೇ ಮಕ್ಕಳನ್ನ ಶಾಲೆಗೆ ಕಳಿಸ್ತಾರೆ. ಇದನ್ನ ನಿಮ್ಮ ಊರ ಗ್ರೂಪಿಗೆ ಹಂಚಿ, ಓದು ಬರದವರಿಗೆ ಓದಿ ಹೇಳಿ.